ಬೇಸಗೆ ರಜೆಯ ಬಾಸ್ಕೆಟ್‌ಬಾಲ್ ಶಿಬಿರ: ಕಂಬದ ಬುಡದಿಂದ ಲೆಕ್ಕಪತ್ರದವರೆಗೆ

ಎಪ್ರಿಲ್ ತಿಂಗಳು ಬಂತೆಂದರೆ ಮುಂಬಯಿಯ ತುಳು-ಕನ್ನಡಿಗರ ಮನೆಗಳಲ್ಲಿ ಎರಡು ಚಿಂತೆ. ಒಂದು, ಊರಿಗೆ ಹೋಗುವ ರೈಲಿನ ಟಿಕೆಟ್. ಇನ್ನೊಂದು, ಊರಿಗೆ ಹೊರಡುವ ತನಕ ಮಕ್ಕಳನ್ನು ಏನು ಮಾಡುವುದು ಎಂಬುದು. ಪರೀಕ್ಷೆ ಮುಗಿದಿರುತ್ತದೆ, ಅಪ್ಪ-ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು, ಮನೆ ಎಂದರೆ ಒಂದು ಕೋಣೆ ಒಂದು ಅಡುಗೆಮನೆ. ಹಿಂದೆ ಟಿವಿ ಇತ್ತು, ಈಗ ಕೈಯಲ್ಲಿ ಮೊಬೈಲ್. ಈ ಕಾರಣಕ್ಕಾಗಿಯೇ ನಮ್ಮ ಸಂಘ-ಸಂಸ್ಥೆಗಳು ವರ್ಷ ವರ್ಷ ಬೇಸಗೆ ಶಿಬಿರಗಳನ್ನು ಹಮ್ಮಿಕೊಳ್ಳುತ್ತಾ ಬಂದಿವೆ. ಭಜನೆ, ಯಕ್ಷಗಾನದ ಹೆಜ್ಜೆ, ಚಿತ್ರಕಲೆ, ಕನ್ನಡ ಅಕ್ಷರಾಭ್ಯಾಸ ಎಲ್ಲವೂ ಉಂಟು. ಆಟವೆಂದರೆ ಕ್ರಿಕೆಟ್, ವಾಲಿಬಾಲ್, ಕಬಡ್ಡಿ, ಮಹಿಳೆಯರಿಗೆ ತ್ರೋಬಾಲ್. ಬಾಸ್ಕೆಟ್‌ಬಾಲ್ ಮಾತ್ರ ನಮ್ಮವರಿಗೆ ಕಾನ್ವೆಂಟ್ ಶಾಲೆಯ ಗೇಟಿನೊಳಗಿನ ಆಟವಾಗಿಯೇ ಉಳಿದಿದೆ.

ಆದರೆ ಜಾಗದ ಬರ ಇರುವ ಈ ಮಹಾನಗರಕ್ಕೆ ಅದಕ್ಕಿಂತ ಹೊಂದುವ ಆಟ ಇನ್ನೊಂದಿಲ್ಲ ಎಂಬುದು ನನ್ನ ಅನಿಸಿಕೆ. ಕ್ರಿಕೆಟಿಗೆ ಮೈದಾನ ಬೇಕು, ಕಿಟಕಿ ಗಾಜಿನ ಪರಿಹಾರವೂ ಬೇಕು. ಬಾಸ್ಕೆಟ್‌ಬಾಲಿನ ಪೂರ್ಣ ಅಂಗಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಅದರ ಅರ್ಧವೇ ಸಿಕ್ಕಿದರೂ, ಒಂದೇ ಕಂಬ ಇದ್ದರೂ ಆಟ ನಡೆಯುತ್ತದೆ. ಈಗಂತೂ ಮೂರು ಮೂರು ಜನರ ಆಟಕ್ಕೆ ಅಧಿಕೃತ ಮಾನ್ಯತೆಯೇ ಬಂದಿದೆ. ಒಂದೇ ಬುಟ್ಟಿ, ಹತ್ತು ನಿಮಿಷ, ಅಥವಾ ಮೊದಲು 21 ಅಂಕ ಮಾಡಿದವರು ಗೆದ್ದಂತೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಬಾರಿಗೆ ಸೇರ್ಪಡೆಯಾಯಿತು. ಚಾಳಿನ ಅಂಗಳದ ಆಟ ಒಲಿಂಪಿಕ್ಸ್‌ಗೆ ಹೋದಂತಾಯಿತು ಎಂದು ನಮ್ಮ ತರಬೇತುದಾರರು ನಗೆಯಾಡುವುದುಂಟು.

ಈ ಆಟ ಹುಟ್ಟಿದ್ದೇ ಒಂದು ಬಗೆಯ ಶಿಬಿರದ ಅಗತ್ಯಕ್ಕಾಗಿ ಎಂಬುದು ಅನೇಕರಿಗೆ ಗೊತ್ತಿರಲಾರದು. 1891ರ ಚಳಿಗಾಲ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈಎಂಸಿಎ ತರಬೇತಿ ಶಾಲೆ. ಹೊರಗೆ ಹಿಮ, ಒಳಗೆ ಕವಾಯತು ಮಾಡಿ ಬೇಸತ್ತ ತರುಣರು. ಅವರಿಗೊಂದು ಒಳಾಂಗಣ ಆಟವನ್ನು 14 ದಿನಗಳೊಳಗೆ ಹುಡುಕಿ ಕೊಡಬೇಕೆಂದು ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರಿಗೆ ಮೇಲಿನವರ ಅಪ್ಪಣೆಯಾಯಿತು. ಅವರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಸಭಾಂಗಣದ ಮೇಲಂತಸ್ತಿನ ಕಟಾಂಜನಕ್ಕೆ ಹೊಡೆಸಿ, 13 ನಿಯಮಗಳನ್ನು ಬರೆದು, ಕಾಲ್ಚೆಂಡನ್ನೇ ಕೊಟ್ಟು ಒಂಬತ್ತೊಂಬತ್ತು ಮಂದಿಯ ಎರಡು ತಂಡ ಮಾಡಿ ಆಡಿಸಿದರು. ಆ ಕಟಾಂಜನ ನೆಲದಿಂದ ಹತ್ತು ಅಡಿ ಎತ್ತರದಲ್ಲಿತ್ತು. ಇಂದಿಗೂ ರಿಂಗ್ ಹತ್ತು ಅಡಿ, ಅಂದರೆ 3.05 ಮೀಟರ್ ಎತ್ತರದಲ್ಲಿಯೇ ಇದೆ.

ನಮ್ಮ ದೇಶದಲ್ಲೂ ಈ ಆಟವನ್ನು ಹರಡಿದ್ದು ಹೆಚ್ಚಾಗಿ ವೈಎಂಸಿಎ. ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ದೈಹಿಕ ಶಿಕ್ಷಣ ಕಾಲೇಜಿನಿಂದ ಹೊರಬಂದ ಪಿಟಿ ಮಾಸ್ತರರು ಶಾಲೆ ಶಾಲೆಗೆ ಹೊಸ ಆಟಗಳನ್ನು ಒಯ್ದರು. ಮುಂಬಯಿಯಲ್ಲಿ ಬಾಸ್ಕೆಟ್‌ಬಾಲ್ ಎಂದರೆ ಮೊದಲು ಬರುವ ಹೆಸರು ನಾಗ್ಪಾಡಾ. ಮುಂಬಯಿ ಸೆಂಟ್ರಲ್‌ನಿಂದ ಬೈಕುಲಾ ಕಡೆಗೆ ನಡೆದರೆ ಸಿಗುವ, ಗಲ್ಲಿಗಳ ಇಕ್ಕಟ್ಟಿನ ಆ ಮೊಹಲ್ಲಾದಲ್ಲಿ ಜಾಗ ಎಲ್ಲಿಂದ ಬರಬೇಕು! ಆದರೂ ಅಲ್ಲಿನ ಅಂಗಣಗಳಿಂದ ರಾಷ್ಟ್ರೀಯ ಆಟಗಾರರು ಬಂದರು. ಭಾರತ ತಂಡದ ನಾಯಕರಾಗಿದ್ದ, 1970ರ ಅರ್ಜುನ ಪ್ರಶಸ್ತಿ ಪಡೆದ ಅಬ್ಬಾಸ್ ಮುಂತಸಿರ್ ಅವರು ಅಲ್ಲಿಯವರೇ. ಶ್ರೀಮಂತರ ಆಟವೆಂಬ ಮಾತಿಗೆ ನಾಗ್ಪಾಡಾ ಒಂದೇ ಸಾಕು ಉತ್ತರಕ್ಕೆ. 2019ರ ಅಕ್ಟೋಬರ್‌ನಲ್ಲಿ ಅಮೆರಿಕದ ಎನ್‌ಬಿಎ ತಂಡಗಳಾದ ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್ ವರ್ಲಿಯ ಎನ್‌ಎಸ್‌ಸಿಐ ಒಳಾಂಗಣದಲ್ಲಿ ಎರಡು ಪಂದ್ಯ ಆಡಿದಾಗ ಮೊದಲ ದಿನವನ್ನು ಶಾಲಾ ಮಕ್ಕಳಿಗೆಂದೇ ಮೀಸಲಿಟ್ಟಿದ್ದರು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, 2017ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಮ್ಮ ಮಹಿಳೆಯರು ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್‌ನಲ್ಲಿ ಕಜಾಕಸ್ತಾನವನ್ನು ಎರಡೇ ಅಂಕಗಳಿಂದ ಸೋಲಿಸಿ ಮೇಲಿನ ವಿಭಾಗಕ್ಕೇರಿದರು.

ಇಷ್ಟು ಪೀಠಿಕೆ ಸಾಕು. ಉಪನಗರವೊಂದರಲ್ಲಿ ನಾವು ಕೆಲವರು ಸೇರಿ ಕೆಲವು ವರ್ಷಗಳಿಂದ ನಡೆಸುತ್ತಿರುವ ಸಣ್ಣ ಶಿಬಿರದ ಅನುಭವವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ನಾನು ಆಟಗಾರನಲ್ಲ. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ ನಮ್ಮಂತಹವರಿಗೆ ಚೆಂಡು ಹಿಡಿಯುವ ಹೊತ್ತು ಎಲ್ಲಿತ್ತು? ಬ್ಯಾಂಕಿನಲ್ಲಿ ಗುಮಾಸ್ತನಾಗಿರುವುದರಿಂದ ಲೆಕ್ಕ ಬರುತ್ತದೆ ಎಂದು ಖಜಾಂಚಿಯ ಕೆಲಸ ನನ್ನ ಪಾಲಿಗೆ ಬಂತು. ಬೇರೆ ಊರುಗಳಲ್ಲಿ, ಪುಣೆಯಲ್ಲೋ ಹೈದರಾಬಾದಿನಲ್ಲೋ, ಇಂತಹದೊಂದನ್ನು ಮಾಡಬೇಕೆಂದಿರುವ ಸಮಾಜ ಬಾಂಧವರಿಗೆ ಇದರಿಂದ ಉಪಯೋಗವಾದೀತು.

ಮೊದಲು ದಿನ ಗೊತ್ತು ಮಾಡುವ ವಿಚಾರ. ನಮ್ಮಲ್ಲಿ ಮೇ ತಿಂಗಳಲ್ಲಿ ಶಿಬಿರ ಇಟ್ಟರೆ ಬೆಂಚುಗಳೇ ಆಡಬೇಕು. ಮದುವೆ, ನೇಮ, ಗೃಹಪ್ರವೇಶ ಎಂದು ಅರ್ಧ ಉಪನಗರವೇ ಮತ್ಸ್ಯಗಂಧ ರೈಲಿನಲ್ಲಿ ಕುಳಿತಿರುತ್ತದೆ. ಹಾಗಾಗಿ ಪರೀಕ್ಷೆ ಮುಗಿದ ಬಳಿಕ, ಊರಿಗೆ ಹೊರಡುವ ಮೊದಲು, ಎಪ್ರಿಲ್ ಕೊನೆಯ ಹನ್ನೆರಡು ದಿನ. ರೈಲ್ವೆಯವರು 2024ರ ನವೆಂಬರ್‌ನಿಂದ ಮುಂಗಡ ಬುಕಿಂಗನ್ನು 120 ದಿನದಿಂದ 60 ದಿನಕ್ಕೆ ಇಳಿಸಿದ ಮೇಲೆ ಒಂದು ಅನುಕೂಲವಾಗಿದೆ. ಫೆಬ್ರವರಿಯಲ್ಲಿಯೇ ಶಿಬಿರದ ದಿನಾಂಕ ಹೇಳಿಬಿಟ್ಟರೆ ಪಾಲಕರು ಅದನ್ನು ನೋಡಿಕೊಂಡು ಟಿಕೆಟ್ ತೆಗೆಯುತ್ತಾರೆ. ಜೂನ್‌ನಲ್ಲಿ ಮಾಡೋಣ ಎಂದರೆ ಮಳೆ. ತೆರೆದ ಸಿಮೆಂಟ್ ಅಂಗಣ ಒದ್ದೆಯಾದರೆ ಚೆಂಡೂ ನಿಲ್ಲದು, ಕಾಲೂ ನಿಲ್ಲದು.

ಅಂಗಣಕ್ಕಾಗಿ ಶಾಲೆಗೆ ಅರ್ಜಿ ಕೊಡುವುದು ಡಿಸೆಂಬರಿನಲ್ಲಿ. ಬಾಯಿಮಾತಿನ ಒಪ್ಪಿಗೆ ಸಾಲದು. ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಶೌಚಾಲಯದ ಬೀಗದ ಕೈ ಯಾರ ಹತ್ತಿರ, ಕುಡಿಯುವ ನೀರಿನ ನಲ್ಲಿ ಉಂಟೇ, ಏನಾದರೂ ಒಡೆದರೆ ಯಾರು ಭರಿಸಬೇಕು ಎಂಬುದೆಲ್ಲ ಕಾಗದದಲ್ಲಿರಬೇಕು. ಮುಖ್ಯೋಪಾಧ್ಯಾಯರು ಬದಲಾದರೆ ಬಾಯಿಮಾತು ಅವರೊಡನೆ ವರ್ಗವಾಗಿ ಹೋಗುತ್ತದೆ.

ಇನ್ನು ಕಂಬದ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ನಮ್ಮ ಮೊದಲ ಶಿಬಿರಕ್ಕೆ ಎರಡು ವಾರವಿರುವಾಗ ತರಬೇತುದಾರರು ಬಂದು ಅಂಗಣ ನೋಡಿದರು. ಬಣ್ಣ ಬಳಿದ ಎರಡು ಕಂಬ, ಹಲಗೆ, ರಿಂಗ್ ಎಲ್ಲ ನಮ್ಮ ಕಣ್ಣಿಗೆ ಸೊಗಸಾಗಿಯೇ ಕಂಡಿತ್ತು. ಅವರು ರಿಂಗನ್ನು ನೋಡಲೇ ಇಲ್ಲ. ನೇರ ಕಂಬದ ಬುಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕುಳಿತು, ಕಬ್ಬಿಣ ಸಿಮೆಂಟನ್ನು ಸೇರುವ ಜಾಗದಲ್ಲಿ ಬಣ್ಣವನ್ನು ಬೀಗದ ಕೈಯಿಂದ ಕೆರೆದರು. ಬಣ್ಣದ ಪದರದ ಕೆಳಗೆ ಕೆಂಪು ಪುಡಿ ಉದುರಿತು. ಒಂದು ಕಂಬದಲ್ಲಿ ಅಷ್ಟೇ. ಇನ್ನೊಂದರಲ್ಲಿ ಬೀಗದ ಕೈಯ ತುದಿಯೇ ಒಳಗೆ ಹೋಯಿತು. "ಈ ಕಡೆ ಮಕ್ಕಳು ಬೇಡ" ಎಂದು ಹಿಂದಿಯಲ್ಲಿ ಒಂದೇ ಮಾತು ಹೇಳಿ ಎದ್ದರು.

ಅಂದು ಸಂಜೆ ಸಮಿತಿ ಸಭೆ. ನಲವತ್ತು ಮಕ್ಕಳ ಹೆಸರು ನೋಂದಣಿಯಾಗಿದೆ, ಆಮಂತ್ರಣ ಪತ್ರಿಕೆ ಮುದ್ರಣವಾಗಿದೆ, ಬ್ಯಾನರಿಗೆ ಕೊಟ್ಟಾಗಿದೆ. "ಇಷ್ಟು ವರ್ಷ ಶಾಲೆಯ ಮಕ್ಕಳು ಆಡಿದ್ದಾರೆ, ಏನಾದರೂ ಆಗಿದೆಯೇ?" ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಅವರು ಕೆಟ್ಟ ಮನುಷ್ಯರಲ್ಲ, ಕೈಯಿಂದ ಖರ್ಚು ಮಾಡಿ ಸಮಾಜಕ್ಕೆ ದುಡಿದವರು. ಹನ್ನೆರಡು ದಿನಕ್ಕೆ ಏನೂ ಆಗಲಿಕ್ಕಿಲ್ಲ ಎಂಬುದು ಅವರ ನಂಬಿಕೆ. ತರಬೇತುದಾರರು ವಾದಕ್ಕೆ ಹೋಗಲಿಲ್ಲ. "ನಾನು ಆ ಕಂಬದ ಕೆಳಗೆ ಶೀಟಿ ಊದುವುದಿಲ್ಲ. ಬೇರೆ ಯಾರಾದರೂ ಊದುವುದಾದರೆ ನನ್ನ ಆಕ್ಷೇಪ ಇಲ್ಲ, ಶೆಟ್ರೇ" ಎಂದರು. ಸಭೆಯಲ್ಲಿ ಯಾರೂ ಊದಲು ಮುಂದೆ ಬರಲಿಲ್ಲ. ಕೊನೆಗೆ ಒಂದೇ ಬುಟ್ಟಿಯಲ್ಲಿ, ಅರ್ಧ ಅಂಗಣದಲ್ಲಿ ಶಿಬಿರ ನಡೆಸುವುದೆಂದೂ, ಇಪ್ಪತ್ತಿಪ್ಪತ್ತು ಮಕ್ಕಳ ಎರಡು ತಂಡ ಮಾಡಿ ಹೊತ್ತು ಹಂಚುವುದೆಂದೂ ತೀರ್ಮಾನವಾಯಿತು. ಕೆಟ್ಟ ಕಂಬದ ಸುತ್ತ ಬಿದಿರು ಕಟ್ಟಿ ಮುಚ್ಚಿದೆವು. ಉಳಿದ ಕಂಬಕ್ಕೆ ನಮ್ಮ ಕಟ್ಟಡವೊಂದರಲ್ಲಿದ್ದ ಸಿವಿಲ್ ಇಂಜಿನಿಯರ್ ಒಬ್ಬರು ವೆಲ್ಡರನ್ನು ಕರೆತಂದು ನೋಡಿ, ಬುಡಕ್ಕೆ ಹೊಸ ತಗಡಿನ ಕಾಲರ್ ಹಾಕಿಸಿದರು.

ಮುಂಬಯಿಯ ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ ಕಬ್ಬಿಣವನ್ನು ಹೊರಗಿನಿಂದ ತಿನ್ನುವುದಿಲ್ಲ, ಬುಡದಿಂದ ತಿನ್ನುತ್ತದೆ. ನೀರು ನಿಲ್ಲುವುದು ಅಲ್ಲಿಯೇ. ಹಾಗಾಗಿ ನೋಡಬೇಕಾದದ್ದು ಬುಡ, ನೆಲದ ಬೋಲ್ಟುಗಳು, ಕಂಬದಿಂದ ಹಲಗೆಗೆ ಚಾಚಿದ ತೋಳಿನ ವೆಲ್ಡಿಂಗ್, ಹಲಗೆಯ ನಟ್ಟುಗಳು. ಚಕ್ರದ ಮೇಲಿನ ಸ್ಟ್ಯಾಂಡ್ ಆದರೆ ಹಿಂಬದಿಯ ಭಾರ ಸರಿಯಾಗಿದೆಯೇ ಎಂದು ನೋಡಬೇಕು. ಕಂಬಕ್ಕೆ ಎದೆ ಎತ್ತರದವರೆಗೆ ಹಳೆಯ ಹಾಸಿಗೆ ಸುತ್ತಿ ಕಟ್ಟಿದರೂ ಓಡಿ ಬಂದು ಬಡಿಯುವ ಮಗುವಿಗೆ ರಕ್ಷಣೆ. ರಿಂಗ್ ಹಿಡಿದು ನೇತಾಡಲು ಯಾರನ್ನೂ ಬಿಡಬಾರದು, ಟಿವಿಯಲ್ಲಿ ಯಾರು ನೇತಾಡಿದರೂ ಸರಿ.

2025ರ ನವೆಂಬರ್‌ನಲ್ಲಿ ಹರಿಯಾಣದ ರೋಹ್ಟಕ್ ಜಿಲ್ಲೆಯಲ್ಲಿ ಅಭ್ಯಾಸ ಮಾಡುತ್ತಿದ್ದ 16 ವರ್ಷದ ರಾಷ್ಟ್ರಮಟ್ಟದ ಆಟಗಾರನೊಬ್ಬನ ಎದೆಯ ಮೇಲೆ ಬಾಸ್ಕೆಟ್‌ಬಾಲ್ ಕಂಬ ಮುರಿದು ಬಿದ್ದು ಆತ ಅಸುನೀಗಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅದೇ ದಿನಗಳಲ್ಲಿ ಅದೇ ರಾಜ್ಯದ ಬಹಾದುರ್‌ಗಢದಿಂದಲೂ ಇಂತಹದೇ ಇನ್ನೊಬ್ಬ ಹುಡುಗನ ಸಾವಿನ ಸುದ್ದಿ ಬಂತು. ಅಂದು ರಾತ್ರಿ ಆ ಹಿರಿಯ ಸದಸ್ಯರು ನನಗೆ ಫೋನ್ ಮಾಡಿದರು. ಹಳೆಯ ಸಭೆಯ ಮಾತೆತ್ತಲಿಲ್ಲ. "ಈ ಸಲ ಕಂಬ ನೋಡಿಸುವುದು ಯಾವಾಗ?" ಎಂದು ಮಾತ್ರ ಕೇಳಿದರು. ಈಗ ಆ ಖರ್ಚು ಅವರದ್ದೇ ದೇಣಿಗೆ. ಅದಕ್ಕೆ ಬ್ಯಾನರ್ ಬೇಡ ಎಂದಿದ್ದಾರೆ.

ತರಬೇತುದಾರರ ಆಯ್ಕೆಗೆ ಬರೋಣ. ದೊಡ್ಡ ಆಟಗಾರ ಒಳ್ಳೆಯ ಮಾಸ್ತರನಾಗಿರಬೇಕೆಂದಿಲ್ಲ. ನಮಗೆ ಸಿಕ್ಕಿದವರು ವಿಶ್ವವಿದ್ಯಾಲಯದ ಮಟ್ಟದಲ್ಲಿ ಆಡಿ, ಶಾಲೆಯಲ್ಲಿ ಪಿಟಿ ಕಲಿಸಿ ನಿವೃತ್ತರಾದವರು. ಇಪ್ಪತ್ತು ಮಕ್ಕಳಿಗೆ ಒಬ್ಬ ಮುಖ್ಯ ತರಬೇತುದಾರ, ಅವರ ಕೈಕೆಳಗೆ ಕಾಲೇಜು ತಂಡದಲ್ಲಿ ಆಡುವ ಇಬ್ಬರು. ಒಬ್ಬರು ಮಹಿಳೆ ಇರಲೇಬೇಕು. ಹುಡುಗಿಯರ ಸಂಖ್ಯೆ ಮೊದಲ ವರ್ಷ ಬೆರಳೆಣಿಕೆಯಷ್ಟಿತ್ತು. ಮರುವರ್ಷ ಮಹಿಳಾ ತರಬೇತುದಾರರು ಬಂದ ಕೂಡಲೇ ಹೆಚ್ಚಿತು. ಪಾಲಕರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನೋಡುವುದು ಅದನ್ನೇ. 2012ರ ಪೋಕ್ಸೋ ಕಾಯ್ದೆ ಬಂದ ಮೇಲೆ ಮಕ್ಕಳ ನಡುವೆ ಕೆಲಸ ಮಾಡುವ ಎಲ್ಲರಿಗೂ ಹೊಣೆ ಹೆಚ್ಚಿದೆ. ಸಹಾಯಕರಾದರೂ ಗುರುತು ಚೀಟಿ, ವಿಳಾಸ, ಹಿಂದೆ ಕೆಲಸ ಮಾಡಿದ ಕಡೆಯ ವಿಚಾರಣೆ ಆಗಲೇಬೇಕು. ಯಾವ ಮಗುವೂ ಯಾವ ದೊಡ್ಡವರೊಂದಿಗೂ ಒಬ್ಬಂಟಿಯಾಗಿ ಕೋಣೆಯಲ್ಲಿ ಇರಕೂಡದು. ಮಕ್ಕಳ ಫೋಟೋಗಳನ್ನು ವಾಟ್ಸಾಪಿಗೆ, ಪತ್ರಿಕೆಗೆ ಕೊಡುವ ಮೊದಲು ಪಾಲಕರ ಸಹಿ ಬೇಕು. ನಮ್ಮವರಿಗೆ ಫೋಟೋದ ಮೋಹ ಸ್ವಲ್ಪ ಹೆಚ್ಚು, ಹಾಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಅಂಗಣದಲ್ಲಿ ನಡೆಯುವುದೇನು? ಬೆಳಿಗ್ಗೆ ಆರೂವರೆಗೆ ಮೊದಲ ತಂಡ. ಹತ್ತು ನಿಮಿಷ ಮೈ ಬಿಸಿ ಮಾಡುವ ಓಟ, ಕೈಕಾಲು ಸಡಿಲಿಸುವುದು. ಆಮೇಲೆ ಚೆಂಡು. ಚೆಂಡನ್ನು ನೆಲಕ್ಕೆ ಬಡಿಯುತ್ತಾ ತಲೆಯೆತ್ತಿ ನಡೆಯುವುದು, ಬಲಗೈಯಲ್ಲಿ, ಎಡಗೈಯಲ್ಲಿ. ಓಡಿ ಬಂದು ಎರಡೂ ಕಾಲಲ್ಲಿ ಒಟ್ಟಿಗೆ ನಿಲ್ಲುವುದು. ಒಂದು ಕಾಲನ್ನು ನೆಟ್ಟು ಇನ್ನೊಂದನ್ನು ತಿರುಗಿಸುವ ಪಿವಟ್. ಎದೆಯಿಂದ ಪಾಸ್, ನೆಲಕ್ಕೆ ಪುಟಿಸಿ ಪಾಸ್. ಐದನೆಯ ದಿನದಿಂದ ಲೇ-ಅಪ್, ಅಂದರೆ ಬಲಗೈಯವರಾದರೆ ಬಲಗಾಲು, ಎಡಗಾಲು, ಹಾರಿ ಹಲಗೆಗೆ ತಾಗಿಸಿ ಬುಟ್ಟಿಗೆ. ಯಕ್ಷಗಾನ ಕಲಿತ ಹುಡುಗನೊಬ್ಬ ಇದನ್ನು ಮೊದಲ ದಿನವೇ ಹಿಡಿದ. ಹೆಜ್ಜೆ ಲೆಕ್ಕ ಅವನಿಗೆ ಮೊದಲೇ ಗೊತ್ತಿತ್ತಲ್ಲ!

ನಮ್ಮ ತರಬೇತುದಾರರ ಒಂದು ಕಟ್ಟಳೆ ಉಂಟು. ಯಾವ ಸಾಲಿನಲ್ಲೂ ನಾಲ್ಕಕ್ಕಿಂತ ಹೆಚ್ಚು ಮಕ್ಕಳು ನಿಲ್ಲಬಾರದು. ಹತ್ತು ಮಕ್ಕಳ ಸಾಲಿಗೆ ಒಂದು ಚೆಂಡು ಕೊಟ್ಟರೆ ಒಂಬತ್ತು ಮಕ್ಕಳು ಕಲಿಯುವುದು ಸಾಲು ನಿಲ್ಲುವುದನ್ನು, ಅದನ್ನು ಅವರು ಮುಂದೆ ರೇಶನ್ ಅಂಗಡಿಯಲ್ಲೂ ಕಲಿಯಬಹುದು ಎನ್ನುತ್ತಾರೆ. ಆದುದರಿಂದ ಇಬ್ಬರಿಗೊಂದು ಚೆಂಡು. ಇಪ್ಪತ್ತು ಮಕ್ಕಳ ತಂಡಕ್ಕೆ ಹತ್ತು. ಸಿಮೆಂಟ್ ಅಂಗಣಕ್ಕೆ ರಬ್ಬರ್ ಚೆಂಡು ಸಾಕು, ಚರ್ಮದ್ದು ಒಂದೇ ರಜೆಯಲ್ಲಿ ಸವೆದು ಹೋಗುತ್ತದೆ. 12 ವರ್ಷದೊಳಗಿನವರಿಗೆ 5ನೇ ನಂಬರ್ ಚೆಂಡು, ಹುಡುಗಿಯರಿಗೆ 6, ದೊಡ್ಡ ಹುಡುಗರಿಗೆ 7. ಚಿಕ್ಕವರಿಗೆ ರಿಂಗ್ ಕೂಡ ತಗ್ಗಿರಬೇಕು. ಮಿನಿ ಬಾಸ್ಕೆಟ್‌ಬಾಲಿನಲ್ಲಿ ಅದು 2.60 ಮೀಟರ್. ಹತ್ತು ಅಡಿಯ ರಿಂಗಿಗೆ ಎಂಟು ವರ್ಷದ ಮಗು ಎಸೆಯುವುದೆಂದರೆ ಇಡೀ ಮೈ ತಿರುಚಿ ತೆಂಗಿನಕಾಯಿಗೆ ಕಲ್ಲು ಹೊಡೆದಂತೆ. ಆ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ನಾವು ಗೋಡೆಗೆ ಬೇರೆಯೇ ಒಂದು ತಗ್ಗಿನ ರಿಂಗ್ ಹಾಕಿಸಿದ್ದೇವೆ.

ಮುಂಬಯಿಯ ಎಪ್ರಿಲ್ ಸೆಕೆಯನ್ನು ಹಗುರವಾಗಿ ಎಣಿಸಬಾರದು. ಇಲ್ಲಿ ಬಿಸಿಲಿಗಿಂತ ಬೆವರು ಹೆಚ್ಚು ಅಪಾಯಕಾರಿ, ಗಾಳಿಯ ತೇವದಿಂದ ಬೆವರು ಆರುವುದೇ ಇಲ್ಲ. ಒಂಬತ್ತೂವರೆಯ ಬಳಿಕ ಚೆಂಡು ಬಂದ್. ಹದಿನೈದು ನಿಮಿಷಕ್ಕೊಮ್ಮೆ ಶೀಟಿ, ಬಾಯಾರಿಕೆ ಇರಲಿ ಬಿಡಲಿ ಎಲ್ಲರೂ ನೀರು ಕುಡಿಯಬೇಕು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ನೀರನ್ನು ಮನೆಯಿಂದ ತಂದಿಡುವ ತಾಯಂದಿರ ಸರದಿ ಉಂಟು. ತಲೆಸುತ್ತು, ವಾಂತಿ ಬರುವಂತಾಗುವುದು, ಒಮ್ಮೆಲೇ ಮಂಕಾಗುವುದು ಕಂಡರೆ ಆ ಮಗುವಿಗೆ ಅಂದಿನ ಆಟ ಮುಗಿಯಿತು. ನೆರಳಿಗೆ ಒಯ್ದು ಒದ್ದೆ ಬಟ್ಟೆ ಹಾಕಬೇಕು. ಮಾತು ತೊದಲಿದರೆ ಕಾಯಬಾರದು, ಆಸ್ಪತ್ರೆಗೆ. ಅದಕ್ಕಾಗಿ ಪ್ರತಿದಿನ ಒಬ್ಬ ಪಾಲಕರ ಗಾಡಿ ಗೇಟಿನ ಬಳಿ ನಿಂತಿರುತ್ತದೆ. ಕಾಲು ಉಳುಕುವುದು ಈ ಆಟದಲ್ಲಿ ಸಾಮಾನ್ಯ. ಎಣ್ಣೆ ಹಚ್ಚಿ ತಿಕ್ಕಲು ಓಡಿ ಬರುವ ಅಜ್ಜಿಯರನ್ನು ನಯವಾಗಿ ತಡೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು, ಪಟ್ಟಿ ಕಟ್ಟಿ, ಕಾಲನ್ನು ಎತ್ತರದಲ್ಲಿರಿಸಬೇಕು. ಊರಿಹೋಗಿ ಕಾಲೂರಲಾಗದಿದ್ದರೆ ಎಕ್ಸ್‌ರೇ.

ಅಜ್ಜಿಯರೆಂದಾಗ ನೆನಪಾಯಿತು. ಮೊಮ್ಮಕ್ಕಳನ್ನು ಬಿಡಲು ಬರುವ ಅವರು ಮರದ ಕೆಳಗಿನ ಬೆಂಚಿನಲ್ಲಿ ಕುಳಿತು ಬುಟ್ಟಿಗೆ ಬಿದ್ದ ಚೆಂಡುಗಳನ್ನು ತುಳುವಿನಲ್ಲಿ, ಕನ್ನಡದಲ್ಲಿ ಗಟ್ಟಿಯಾಗಿ ಎಣಿಸತೊಡಗಿದರು. ಅಂಗಣದಲ್ಲಿ ಮಕ್ಕಳ ಮಾತು ಹಿಂದಿ, ಮರಾಠಿ, ಇಂಗ್ಲಿಷ್. ಅಂಕ ಮಾತ್ರ ಒಂಜಿ, ರಡ್ಡ್, ಮೂಜಿ! ನಾಲ್ಕನೆಯ ದಿನಕ್ಕೆ ಮರಾಠಿ ಮಾತನಾಡುವ ಹುಡುಗನೊಬ್ಬ "ಅಜ್ಜಿ, ಪತ್ತ್ ಆಂಡಾ?" ಎಂದು ಕೇಳುತ್ತಿದ್ದ. ಕನ್ನಡ ಅಕ್ಷರಾಭ್ಯಾಸದ ಶಿಬಿರದಲ್ಲಿ ನಾವು ಇಷ್ಟು ಬೇಗ ಸಾಧಿಸಿದ್ದಿಲ್ಲ.

ಈ ಮರಾಠಿ ಹುಡುಗನ ಪ್ರವೇಶದ ಬಗ್ಗೆಯೂ ಸಭೆಯಲ್ಲಿ ಮಾತು ನಡೆದಿತ್ತು. ಸಮಾಜದ ಹಣ, ಸಮಾಜದ ಮಕ್ಕಳಿಗೆ ಎಂದು ಕೆಲವರು. ಆದರೆ ಹತ್ತು ವರ್ಷದ ಮಗುವಿಗೆ ಗೆಳೆಯ ಎಂದರೆ ಪಕ್ಕದ ಮನೆಯವನು. ಅವನನ್ನು ಗೇಟಿನಲ್ಲಿ ನಿಲ್ಲಿಸಿದರೆ ನಮ್ಮವನೂ ಒಳಗೆ ಬರುವುದಿಲ್ಲ. ಅಂಗಣವೂ ಶಾಲೆಯದು, ನಮ್ಮದಲ್ಲ. ಸಮಾಜದ ಮಕ್ಕಳಿಗೆ ಮೊದಲ ವಾರ ನೋಂದಣಿ, ಉಳಿದ ಜಾಗ ಎಲ್ಲರಿಗೂ ಎಂದು ಮಾಡಿದೆವು. ಜಗಳವಾಗಿಲ್ಲ.

ಹಣದ ಲೆಕ್ಕ ನನ್ನ ಕ್ಷೇತ್ರ. ಪೂರ್ತಿ ಉಚಿತ ಮಾಡೋಣ ಎನ್ನುವ ಉತ್ಸಾಹ ನಮ್ಮಲ್ಲಿ ಯಾವಾಗಲೂ ಉಂಟು. ಉಚಿತವಾದರೆ ಮೊದಲ ದಿನ ನಲವತ್ತು ಮಕ್ಕಳು, ಆರನೆಯ ದಿನ ಹದಿನೆಂಟು. ಅದಕ್ಕೆ ಸಣ್ಣದೊಂದು ಶುಲ್ಕ ಇರಲಿ, ಕೊಡಲಾಗದವರಿಗೆ ಸದ್ದಿಲ್ಲದೆ ಬಿಡೋಣ ಎಂದೆ. ಸದ್ದಿಲ್ಲದೆ ಎಂಬುದೇ ಮುಖ್ಯ. "ಬಡ ವಿದ್ಯಾರ್ಥಿಗಳಿಗೆ ರಿಯಾಯಿತಿ" ಎಂದು ಫಲಕ ಹಾಕಿದರೆ ಯಾರೂ ಬಾರರು. ಎಲ್ಲರಿಗೂ ಒಂದೇ ಬಣ್ಣದ ರಸೀದಿ. ಯಾರದ್ದು ದಾನಿಯಿಂದ, ಯಾರದ್ದು ಮನೆಯಿಂದ ಎಂಬುದು ಖಜಾಂಚಿಯ ಪುಸ್ತಕದಲ್ಲಿ ಮಾತ್ರ.

ಖರ್ಚು ಹಾಕುವಾಗ ಚೆಂಡು, ತರಬೇತುದಾರರ ಗೌರವಧನ ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಸಣ್ಣವು. ನಲವತ್ತು ಮಕ್ಕಳಿಗೆ ದಿನಕ್ಕೊಂದು ಬಾಳೆಹಣ್ಣು ಎಂದರೆ ಹನ್ನೆರಡು ದಿನಕ್ಕೆ 480. ಒಂದು ಮಗುವಿಗೆ ಲೀಟರ್ ನೀರೆಂದರೆ ದಿನಕ್ಕೆ 20 ಲೀಟರಿನ ಎರಡು ಜಾರ್. ಮಂಜುಗಡ್ಡೆ, ಗಾಳಿ ಹಾಕುವ ಪಂಪಿನ ಸೂಜಿ, ಅಂಗಣ ಗುಡಿಸುವವರಿಗೆ ಕೂಲಿ. ಗುಡಿಸುವುದನ್ನು ಬಿಟ್ಟರೆ ಸಿಮೆಂಟಿನ ಮೇಲಿನ ಮರಳೇ ಮಕ್ಕಳನ್ನು ಬೀಳಿಸುತ್ತದೆ. ಹಣ ಬರುವುದು ಸಂಸ್ಥೆಯ ಖಾತೆಗೇ ಹೊರತು ಯಾರದೇ ಸ್ವಂತ ಮೊಬೈಲ್ ನಂಬರಿಗಲ್ಲ. ಈಗ ಕ್ಯೂಆರ್ ಫಲಕ ಇಡುವುದು ಸುಲಭ, ಅದು ಯಾರ ಹೆಸರಿನದ್ದೆಂದು ನೋಡುವವರು ಕಡಿಮೆ. ತೆರಿಗೆ ವಿನಾಯಿತಿಯ ರಸೀದಿ ಬೇಕೆನ್ನುವ ದಾನಿಯಿಂದ 2,000 ರೂ.ಗಿಂತ ಹೆಚ್ಚು ನಗದಾಗಿ ಪಡೆಯಬಾರದು, ಚೆಕ್ ಅಥವಾ ಖಾತೆಯ ಮೂಲಕವೇ ಬರಲಿ. ಲೆಕ್ಕಪತ್ರವನ್ನು ಸಮಾರೋಪದ ದಿನವೇ ಫಲಕಕ್ಕೆ ಅಂಟಿಸುತ್ತೇವೆ, ಬಾಳೆಹಣ್ಣಿನ ಬಿಲ್ ಸಹಿತ.

ಶೂ ಒಂದು ದೊಡ್ಡ ಸಮಸ್ಯೆ. ಟಿಫಿನ್ ಅಡುಗೆಗೆ ಹೋಗುವ ತಾಯಿಯೊಬ್ಬರ ಮಗಳು, ಹದಿಮೂರು ವರ್ಷ, ಮೊದಲೆರಡು ದಿನ ಗೇಟಿನ ಹೊರಗೆ ನಿಂತು ನೋಡಿ ಹೋಗುತ್ತಿದ್ದಳು. ಶುಲ್ಕದ ಮಾತಲ್ಲ, ಕಾಲಲ್ಲಿ ಚಪ್ಪಲಿ. ಮಹಿಳಾ ತರಬೇತುದಾರರು ಗಮನಿಸಿ ನಮಗೆ ಹೇಳಿದರು. ಮಕ್ಕಳ ಕಾಲು ವರ್ಷಕ್ಕೊಂದು ಸೈಜು ಬೆಳೆಯುತ್ತದೆ, ಹಾಗಾಗಿ ಮನೆ ಮನೆಯಲ್ಲಿ ಚಿಕ್ಕದಾದ ಶೂಗಳು ಹಾಳಾಗದೆ ಬಿದ್ದಿರುತ್ತವೆ. ಮರುದಿನ ಒಂದು ಪೆಟ್ಟಿಗೆ ಇಟ್ಟು, ಎಲ್ಲರೂ ಹಳತು ಹಾಕಿ ಬೇಕಾದ ಸೈಜು ತೆಗೆದುಕೊಳ್ಳಬಹುದೆಂದು ಹೇಳಿದೆವು. ಇದ್ದವರೂ ಬದಲಾಯಿಸಿಕೊಂಡರು, ಇಲ್ಲದವರೂ ತೆಗೆದುಕೊಂಡರು. ಆ ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ, ಕಳೆದ ಶಿಬಿರದಲ್ಲಿ ಚಿಕ್ಕವರಿಗೆ ಡ್ರಿಬ್ಲಿಂಗ್ ಹೇಳಿಕೊಟ್ಟವಳು ಅವಳೇ. ಗೌರವಧನದ ವೋಚರಿಗೆ ಸಹಿ ಮಾಡುವಾಗ "ಅಂಕಲ್, ಇದರಲ್ಲಿ ಒಂದು ಚೆಂಡು ಬರುತ್ತದಾ?" ಎಂದು ಕೇಳಿದಳು. ಮನೆಗೆ ಕೊಡು ಮಗಾ ಎಂದೆ.

ಪಾಲಕರು ಕೇಳುವ ಪ್ರಶ್ನೆ ಬೇರೆ. ಇದರಿಂದ ಹತ್ತನೆಯಲ್ಲಿ ಗ್ರೇಸ್ ಮಾರ್ಕ್ ಸಿಗುತ್ತದೆಯೇ? ಬ್ಯಾಂಕಿನಲ್ಲಿ, ರೈಲ್ವೆಯಲ್ಲಿ ಕೆಲಸ ಸಿಗುತ್ತದೆಯೇ? ಸರಕಾರ ಗೊತ್ತುಪಡಿಸಿದ ಸ್ಪರ್ಧೆಗಳಲ್ಲಿ ಆಡಿದವರಿಗೆ ಮಾತ್ರ ಗ್ರೇಸ್ ಮಾರ್ಕ್, ಹನ್ನೆರಡು ದಿನದ ಶಿಬಿರದ ಪ್ರಮಾಣಪತ್ರಕ್ಕೆ ಇಲ್ಲ. ಕೆಲಸದ ಮಾತು ಒಂದು ಕಾಲಕ್ಕೆ ನಿಜವಿತ್ತು. ನಮ್ಮ ಜಿಲ್ಲೆಯಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿಗೆ ಬೆಂಗಳೂರಿನಲ್ಲಿ ಹೆಸರುವಾಸಿ ಬಾಸ್ಕೆಟ್‌ಬಾಲ್ ತಂಡವಿತ್ತು. 2019ರ ಎಪ್ರಿಲ್‌ನಲ್ಲಿ ಆ ಬ್ಯಾಂಕೇ ವಿಲೀನವಾಯಿತು. ಕ್ರೀಡಾ ಕೋಟಾ ಇಂದಿಗೂ ಇಲ್ಲವೆಂದಲ್ಲ. ಆದರೆ ಪಂಜಾಬಿನ ಹಳ್ಳಿಯಿಂದ ಹೋಗಿ 2015ರಲ್ಲಿ ಎನ್‌ಬಿಎ ಆಯ್ಕೆಯಾದ ಸತ್ನಾಮ್ ಸಿಂಗ್ ಅವರ ಎತ್ತರ ಏಳು ಅಡಿಗಿಂತ ಹೆಚ್ಚು ಎಂಬುದನ್ನು ನಾಲ್ಕೂವರೆ ಅಡಿಯ ಮಗನ ತಂದೆ ನೆನಪಿಡಬೇಕು. ಮಗು ರಾತ್ರಿ ಹಸಿದು ಉಂಡು ಬೇಗ ನಿದ್ದೆ ಹೋಗುತ್ತದೆ, ಇಷ್ಟನ್ನು ನಾವು ಭರವಸೆಯಾಗಿ ಕೊಡಬಲ್ಲೆವು.

ಸಮಾರೋಪದ ಬಗ್ಗೆ ಎರಡು ಮಾತು. ಬಿಸಿಲಲ್ಲಿ ಮಕ್ಕಳನ್ನು ಸಾಲಾಗಿ ಕುಳ್ಳಿರಿಸಿ ಒಂದೂವರೆ ಗಂಟೆ ಭಾಷಣ ಮಾಡುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ನಾವು ಕಾರ್ಯಕ್ರಮವನ್ನು ಬೆಳಿಗ್ಗೆ ಎಂಟಕ್ಕೆ ಇಟ್ಟು, ಇಪ್ಪತ್ತು ನಿಮಿಷಕ್ಕೆ ಕಟ್ಟಿದ್ದೇವೆ. ಅದೂ ಅಂತಿಮ ಪಂದ್ಯದ ವಿರಾಮದಲ್ಲಿ. ಅತಿಥಿಗಳು ಮಾತು ಉದ್ದ ಮಾಡಿದರೆ ಮಕ್ಕಳೇ ಚೆಂಡು ಬಡಿಯತೊಡಗುತ್ತಾರೆ. ಶಾಲು ಉಂಟು, ಅದನ್ನು ಬಿಡಲು ಸಾಧ್ಯವಾಗಿಲ್ಲ. ಫಲಪುಷ್ಪದ ಫಲವನ್ನು ಅತಿಥಿಗಳು ಮಕ್ಕಳಿಗೇ ಹಂಚುತ್ತಾರೆ. ಬಹುಮಾನ ಒಬ್ಬನೇ ಉತ್ತಮ ಆಟಗಾರನಿಗೆ ಎಂದಿಲ್ಲ, ಹನ್ನೆರಡೂ ದಿನ ತಪ್ಪದೆ ಬಂದವರೆಲ್ಲರಿಗೂ ಉಂಟು. ಅದಕ್ಕೆ ಹಾಜರಿ ಪುಸ್ತಕ ಸಾಕ್ಷಿ.

ಶಿಬಿರ ಮುಗಿದ ಮೇಲೆ ಏನು ಎಂಬುದೇ ಈಗ ನಮ್ಮ ಮುಂದಿರುವ ಪ್ರಶ್ನೆ. ಹನ್ನೆರಡು ದಿನದಲ್ಲಿ ಹತ್ತಿದ ಆಸೆ ಮಳೆಗಾಲದಲ್ಲಿ ಆರಿಹೋಗುತ್ತದೆ. ಎರಡು ವರ್ಷಗಳಿಂದ ಅಕ್ಟೋಬರ್ ಬಳಿಕ ಭಾನುವಾರ ಬೆಳಿಗ್ಗೆ ಎರಡು ಗಂಟೆ ಅಂಗಣ ತೆರೆಯಲು ಶಾಲೆಯವರು ಒಪ್ಪಿದ್ದಾರೆ. ಬೀಗದ ಕೈ ಮೂವರು ಪಾಲಕರ ಬಳಿ ಸರದಿಯಲ್ಲಿ ಇರುತ್ತದೆ, ಇಬ್ಬರು ದೊಡ್ಡವರು ಇಲ್ಲದೆ ಗೇಟು ತೆರೆಯುವಂತಿಲ್ಲ. ಬಿದಿರು ಕಟ್ಟಿದ್ದ ಆ ಹಳೆಯ ಕಂಬವನ್ನು ಶಾಲೆಯವರು ಕೊನೆಗೆ ಕಿತ್ತು ಹಾಕಿದ್ದಾರೆ. ಹೊಸದಕ್ಕೆ ದರಪಟ್ಟಿ ತರಿಸಿದ್ದೇವೆ, ಮೂರರಲ್ಲಿ ಕಡಿಮೆ ಹೇಳಿದವನು ಬುಡದ ಕಾಂಕ್ರೀಟಿನ ಆಳವನ್ನೇ ಬರೆದಿರಲಿಲ್ಲ. ಅವನಿಗೆ ಪತ್ರ ಹೋಗಿದೆ, ಉತ್ತರ ಬಂದ ಮೇಲೆ ಸಮಿತಿ ಸಭೆ.